ಅಪ್ಪಯ್ಯಣ್ಣನ ಬೂತಿನಿಂದ

ದೊಡ್ಡಬಳ್ಳಾಪುರ, ೧೯೯೪

ಕದಿರಮ್ಮಾ,

ಇದೆಲ್ಲ ನೀನು ತೀರಿಕೊಂಡ ಮೇಲೆ ಶುರುವಾದದ್ದು. ನನಗೆ ಬಸ್ಸಿನಲ್ಲಿ ಕೂರಲಾಗುವುದಿಲ್ಲವೆಂದು ಬೆಂಗಳೂರಿನ ಮನೋವೈದ್ಯರು ವಾರಕ್ಕೊಮ್ಮೆ ಫೋನಿನಲ್ಲೇ ಚಿಕಿತ್ಸೆ ಕೊಡುತ್ತಾರೆ. ಅಪ್ಪಯ್ಯಣ್ಣನ ಎಸ್‌ಟಿಡಿ ಬೂತಿನ ಬಾಗಿಲು ಮುಚ್ಚಿಕೊಂಡರೆ ನನಗೆ ಉಸಿರು ಕಟ್ಟುತ್ತದೆ. ತೆರೆದಿಟ್ಟರೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಕಾಲೇಜಿನ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ, ಅದೂ ಅರ್ಧ ಮರೆತುಹೋಗಿದೆ.

ಇವತ್ತು "ಐ ಆಮ್ ಹ್ಯಾವಿಂಗ್ ಸ್ಲೀಪ್‌ಲೆಸ್‌ನೆಸ್, ಸಾರ್" ಎನ್ನುತ್ತಿದ್ದಂತೆ ಅಪ್ಪಯ್ಯಣ್ಣ ನಕ್ಕ. "ಹವಾಲ್ದಾರ್ರೇ, ಈ ಇಂಗ್ಲಿಷ್ ಕೇಳಿ ಡಾಕ್ಟ್ರಿಗೇ ಜ್ವರ ಬಂದ್ಬಿಡ್ತದೆ. ನಮಗೆ ಕೇಳಿಸ್ಬಾರ್ದು ತಾನೆ?" ಎಂದು ರೇಡಿಯೋ ಜೋರು ಮಾಡಿದ. ರೇಷ್ಮೆಗೂಡಿನ ಧಾರಣೆ ಬರುತ್ತಿತ್ತು.

ಆಗ ಕನ್ನಡದಲ್ಲೇ ಹೇಳಿದೆ. ಸೇನೆಯೊಂದಿಗೆ ಲಂಕೆಗೆ ಹೋಗಿದ್ದಾಗ ಬಾವಿಗೆ ಬಂದ ಹೆಂಗಸೊಬ್ಬಳ ಮೇಲೆ ಗುಂಡು ಹಾರಿಸಿದೆ, ಅವಳ ಕೈಯಲ್ಲಿದ್ದದ್ದು ಬರೀ ಬಿಂದಿಗೆ ಎಂದು. ನಾನೇಕೆ ನಮ್ಮ ಬಾವಿಯ ಹತ್ತಿರ ಸುಳಿಯುವುದಿಲ್ಲವೆಂದು ನೀನು ಕೇಳುತ್ತಿದ್ದೆ, ನಾನು ಮಾತು ಮರೆಸುತ್ತಿದ್ದೆ. ಕಾಯಿಲೆ ಬಿದ್ದ ಮೇಲೂ ನೀನೇ ನೀರು ಸೇದಿದೆ.

"ಇದು ನಿಮ್ಮ ಹೆಂಡತಿಗೆ ಗೊತ್ತಿತ್ತಾ?" ಎಂದರು ಡಾಕ್ಟರು.

"ಗೊತ್ತಿತ್ತು, ಸಾರ್. ಹೇಳಿದ್ದೆ."

"ಅದಕ್ಕೆ ಅವರೇನಂದ್ರು?"

"ಬರೋ ವಾರ ಹೇಳ್ತೀನಿ, ಸಾರ್" ಎಂದು ಫೋನು ಇಟ್ಟೆ.