ಕೈಮುಟ್ಟದ ಹೋರಿ

ಕೆಂಗಲ್ಲ ಮಡ್ಡಿ,
ಜೂನ್ ನಲವತ್ತೊಂದು, ಎರಡು ಸಾವಿರದ ನೂರ ತೊಂಬತ್ತಾರು

ನೂರ ಎಪ್ಪತ್ತು ವರ್ಷ ಹಿಂದೆ ಇರುವವರೇ,

ತಾರೀಕು ಓದಿ ನಕ್ಕಿರುತ್ತೀರಿ. ನಮ್ಮಲ್ಲಿ ಮಳೆ ಬರುವವರೆಗೂ ಜೂನ್ ಮುಗಿಯುವುದಿಲ್ಲ. ಮೊದಲ ಹದಮಳೆ ಬಿದ್ದ ಮರುದಿನ ಜುಲೈ ಒಂದು ಎಂದು ಸಾರಿ, ಕಳೆದುಹೋದ ದಿನಗಳನ್ನು ಮುಂದಿನ ತಿಂಗಳುಗಳಿಂದ ಕತ್ತರಿಸಿಕೊಳ್ಳುತ್ತೇವೆ. ನಾನು ಹುಟ್ಟಿದ್ದು ಜೂನ್ ಅರವತ್ತಮೂರರಂದು. ಇಂಥ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕಾಗಿ ಕ್ಷಮೆ ಕೇಳುತ್ತೇನೆ. ಈ ಪತ್ರದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ಪತ್ರ ಹಿಂದಕ್ಕೆ ಹೇಗೆ ಬಂತು ಎಂದು ಕೇಳಬೇಡಿ. ನೀವು ಎಸೆದ ಕಸವೆಲ್ಲ ನಮ್ಮ ತನಕ ತಲುಪಿದೆ, ನನ್ನ ನಾಲ್ಕು ಮಾತು ನಿಮ್ಮ ತನಕ ತಲುಪಲಿ.

ನನ್ನ ಹೆಸರು ಫಕೀರವ್ವ. ಆರು ತಲೆಮಾರಿನಿಂದ ನಮ್ಮ ಮನೆತನದ ಕೆಲಸ ಬೀಜದ ಹೋರಿಗಳನ್ನು ಬೆಳೆಸಿ ಮಾರುವುದು. ಮಾಂಸದ ಹಿಂಡುಗಳಿಗೆ ಬೇಕಾದ ಹೋರಿಗಳು ಇವು. ಈ ಮಾತಿಗೆ ನಿಮ್ಮಲ್ಲಿ ಕೆಲವರು ಮುಖ ಸಿಂಡರಿಸಿ ಪತ್ರ ಕೆಳಗಿಡಬಹುದು. ಇಡಿ, ನನಗೇನೂ ಬೇಜಾರಿಲ್ಲ. ನಮ್ಮ ಕಡೆ ಉಳಲು ಮಣ್ಣು ಉಳಿದಿಲ್ಲ, ಅದನ್ನು ಉಳಿಸಿಕೊಡಬೇಕಾದವರು ನೀವಾಗಿದ್ದಿರಿ. ಈ ಕಲ್ಲುನೆಲದಲ್ಲಿ ಬೆಳೆಯುವುದು ಹುಲ್ಲು ಮತ್ತು ಜಾಲಿ. ಅವನ್ನು ಮನುಷ್ಯರು ತಿನ್ನಲಾರರು, ದನ ತಿನ್ನುತ್ತದೆ, ನಾವು ದನವನ್ನು ತಿನ್ನುತ್ತೇವೆ. ನೀವು ನೆಟ್ಟುಹೋದ ಕಪ್ಪು ಗಾಜಿನ ಹಲಗೆಗಳಲ್ಲಿ ಈಗ ಕರೆಂಟು ಹುಟ್ಟುವುದಿಲ್ಲ. ಅವನ್ನು ಓರೆಯಾಗಿ ನಿಲ್ಲಿಸಿ ಮಳೆನೀರು ಹಿಡಿಯುತ್ತೇವೆ, ಮಧ್ಯಾಹ್ನ ಕರುಗಳು ಅವುಗಳ ಅಡಿಯಲ್ಲಿ ಮಲಗುತ್ತವೆ. ನಿಮ್ಮಿಂದ ನಮಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಇರಬೇಕು.

ಕೈ ನಿಂತ ವರ್ಷ ಎಂದು ನಾವು ಕರೆಯುವ ವರ್ಷವೊಂದಿದೆ. ನೀವು ಅದನ್ನು ಇನ್ನೂ ಕಂಡಿಲ್ಲ. ಆ ವರ್ಷ ಹಿಂಡಿಯ ಚೀಲ ಬರಲಿಲ್ಲ, ಔಷಧ ಬರಲಿಲ್ಲ, ನೀರಿನ ಟ್ಯಾಂಕರ್ ಬರಲಿಲ್ಲ. ನಿಮ್ಮ ದೊಡ್ಡ ಮೈಯ, ಹೊಳೆಯುವ ಚರ್ಮದ ದನಗಳು ಗೋದಲಿಯ ಮುಂದೆ ನಿಂತೇ ಸತ್ತವು. ಬಾಗಿಲು ತೆರೆದೇ ಇತ್ತು, ಹೊರಗೆ ಹುಲ್ಲಿತ್ತು. ಹೋಗಿ ಮೇಯಬೇಕೆಂದು ಅವಕ್ಕೆ ಹೊಳೆಯಲಿಲ್ಲ. ಉಳಿದದ್ದು ಈ ಮಡ್ಡಿಯ ಮೇಲೆ ಯಾರೂ ವಿಚಾರಿಸದೆ ಬಿಟ್ಟಿದ್ದ ಒಂದು ಹಿಡಿ ಬಡಕಲು ದನ. ನೀವು ಈ ಮಡ್ಡಿಯನ್ನು ಪಾಳು ಎಂದು ಬರೆದುಕೊಂಡಿರಿ, ಆ ದನವನ್ನು ತಳಿಗೆಟ್ಟದ್ದು ಎಂದು ಕರೆದಿರಿ. ಚೀಲ ಬಿಚ್ಚುವ ಸದ್ದಿಗೆ ಓಡಿ ಬರುವ ದನವನ್ನು ಮಾತ್ರ ಜಾಣ ದನ ಎಂದು ಹೊಗಳಿದಿರಿ. ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಆ ವರ್ಷ ಬದುಕಿದ ನಮ್ಮ ಹಿರಿಯಳು ಒಂದು ಕಟ್ಟು ಹಾಕಿದಳು. ಹಾಲು ಬಿಟ್ಟ ದಿನದಿಂದ ಮಾರುವ ದಿನದವರೆಗೆ ಬೀಜದ ಹೋರಿಯ ಬಾಯಿಗೆ ಯಾರ ಕೈಯಿಂದಲೂ ಒಂದು ಕಡ್ಡಿ ಹೋಗಕೂಡದು. ಹೆಸರಿಡಕೂಡದು, ಕರೆಯಕೂಡದು. ಅದು ಬಿರುಬೇಸಿಗೆಯನ್ನು ತಾನೇ ದಾಟಬೇಕು. ಒಣಗಿದ ಕರಡ ಹುಲ್ಲನ್ನು ಕಿತ್ತು ತಿನ್ನಲು, ಜಾಲಿಕಾಯಿ ಉದುರುವ ಹೊತ್ತು ತಿಳಿಯಲು, ಎಷ್ಟು ದೂರದ ನೀರನ್ನಾದರೂ ಮೂಸಿ ಹುಡುಕಲು ತಾನೇ ಕಲಿಯಬೇಕು. ದಾಟಿದರೆ ಅದು ಕೈಮುಟ್ಟದ ಹೋರಿ. ದಾಟದಿದ್ದರೆ ಹದ್ದಿಗೆ. ಯಾರಾದರೂ ತಿನ್ನಿಸಿದ್ದು ಗೊತ್ತಾದರೆ ಅದು ಕಡಿಯಲು ಮಾಂಸದ ಕಟ್ಟೆಗೆ ಹೋಗುತ್ತದೆ, ತಿನ್ನಿಸಿದವರೇ ಅದನ್ನು ನಡೆಸಿಕೊಂಡು ಹೋಗಬೇಕು. ಮಾರಾಟವಾಗುವುದು ಬೇಲಿಯ ಬಾಗಿಲಲ್ಲಿ. ಮಾರುವವರು ಹೋರಿಯ ಬೆನ್ನಿಗೆ ನಿಂತು, ಎಲ್ಲರೆದುರು, ಕೈ ಮುಟ್ಟಿಲ್ಲ ಎಂದು ಹೇಳುತ್ತಾರೆ. ಅದರ ಮೇಲೆ ಬೇರೆ ಭರವಸೆ ಇಲ್ಲ, ಯಾರೂ ಕೇಳುವುದೂ ಇಲ್ಲ. ಆರು ತಲೆಮಾರು ಆ ಮಾತು ಸುಳ್ಳಾಗಿರಲಿಲ್ಲ.

ಹೋದ ವರ್ಷ ಮೊದಲ ಮಳೆಯ ವಾರ ಮೌಲಾಬಿ ಬಂದಳು. ತೊರೆಗಡ್ಡೆಯ ಹನ್ನೆರಡು ಮನೆಗಳ ಹಿಂಡನ್ನು ನೋಡಿಕೊಳ್ಳುವವಳು, ನಾಲ್ಕು ದಿನದ ದಾರಿ ನಡೆದು ಬಂದಿದ್ದಳು. ಆ ವರ್ಷದ ಹೋರಿಗಳಲ್ಲಿ ಒಂದು ಕಂದು ಹೋರಿ ಬೇಸಿಗೆಯಿಂದ ಎದ್ದು ಬಂದಾಗ ಪಕ್ಕೆಲುಬೇ ಕಾಣುತ್ತಿರಲಿಲ್ಲ. ನಾನು ಬೀಗಿದೆ. ಇಂಥ ಬೇಸಿಗೆಯಲ್ಲೂ ಮೈ ಉಳಿಸಿಕೊಂಡಿದೆಯಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದೆ. ಅದರ ಬೆನ್ನಿಗೆ ನಿಂತು ಆ ಮಾತು ಹೇಳಿ, ಮೌಲಾಬಿಗೆ ಕೊಟ್ಟು ಕಳಿಸಿದೆ.

ಮೊನ್ನೆ ಅವಳು ತಿರುಗಿ ಬಂದಳು. ಹಿಂದೆ ಕಂದು ಹೋರಿ. ಕುಡಿಯಲು ನೀರು ಕೊಟ್ಟರೂ ಅವಳು ಮುಟ್ಟಲಿಲ್ಲ.

"ಮಳಿಗಾಲ ಪೂರಾ ಆಕಳೆಲ್ಲ ಗುಡ್ಡದ ಮ್ಯಾಲ ಇದ್ವು, ಫಕೀರವ್ವಾ. ಇದು ಬೇಲಿ ಬಾಗಲಾ ಬಿಟ್ಟು ಕದಲಲಿಲ್ಲ. ನನ್ನ ಕೈ ನೋಡ್ಕೋತ ನಿಂತಿತ್ತು," ಎಂದಳು. "ಅರವತ್ತು ಆಕಳದಾಗ ಈದದ್ದು ಎರಡ. ಅವೂ ಕಾಲು ಕುಂಟಾಗಿ ಬಾಗಲದಾಗ ಉಳಿದಿದ್ವು. ಮುಂದಿನ ವರ್ಷ ನನ್ನ ಮಂದಿ ಏನ್ ತಿನ್ನಬೇಕು, ಹೇಳು."

ನಾನು ಅವಳ ಮೇಲೆ ಹರಿಹಾಯ್ದೆ. ನಿನ್ನ ಆಕಳೇ ಬರಡು, ನಿನ್ನ ಗುಡ್ಡವೇ ಸರಿಯಿಲ್ಲ, ನಮ್ಮ ಮನೆಯ ಬಾಗಿಲಲ್ಲಿ ನಿಂತು ನಮ್ಮ ಹೋರಿಯಲ್ಲಿ ಕೊಂಕು ತೆಗೆಯುತ್ತೀಯಾ ಎಂದೆ. ಅವಳು ತಲೆ ತಗ್ಗಿಸಲಿಲ್ಲ, ದನಿ ಎತ್ತರಿಸಲೂ ಇಲ್ಲ. ಗದ್ದಲ ಕೇಳಿ ನನ್ನ ತಮ್ಮ ಗುದ್ನೆಪ್ಪ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಯ ಹಿಂದಿನಿಂದ ಬಂದ. ಹೋರಿ ಅವನನ್ನು ಕಂಡಿತು. ಅರ್ಧ ಟನ್ನಿಗೆ ಹತ್ತಿರದ ಆ ಮೈ ಕರುವಿನ ಹಾಗೆ ಕುಣಿಯುತ್ತ ಓಡಿ, ಮೂತಿಯನ್ನು ಸೀದಾ ಅವನ ಜೋಳಿಗೆಗೆ ತುರುಕಿತು.

"ಏ ಪುಟ್ಯಾ," ಎಂದ ನನ್ನ ತಮ್ಮ, ತನ್ನಷ್ಟಕ್ಕೆ ತಾನೇ. ಹೆಸರೂ ಇಟ್ಟಿದ್ದ.

ಮೌಲಾಬಿ ನನ್ನನ್ನು ನೋಡಿದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೋದ ವರ್ಷದ ಬಿರುಬೇಸಿಗೆಯಲ್ಲಿ ಗುದ್ನೆಪ್ಪ ದಿನಾ ಹಳ್ಳದ ಆಚೆ ಹೋಗಿ ಸಜ್ಜೆ ತಿನ್ನಿಸಿದ್ದನಂತೆ. ಹೋರಿಗೆ ಬದಲಾಗಿ ಬರುವ ಸಜ್ಜೆಯಲ್ಲಿ ತನ್ನ ಪಾಲು, ತಾನು ಅರೆಹೊಟ್ಟೆ ಉಂಡು. "ಅದು ನನ್ನ ನೋಡಿ ಒದರತಿತ್ತಕ್ಕಾ. ಕರುಳು ತಡೀಲಿಲ್ಲ," ಎಂದ. "ಕರುಳು ನಿನಗೊಬ್ಬಗ ಐತೇನು? ಉಳಿದವರೆಲ್ಲ ಕಲ್ಲೇನು?" ಎಂದು ಕೂಗಿದೆ. ಅವನು ಹುಟ್ಟಿದಾಗಿನಿಂದ ಅವನನ್ನು ನಾನು ಹಾಗೆ ಕೂಗಿರಲಿಲ್ಲ. ಪ್ರತಿ ಬೇಸಿಗೆ ನಾನೂ ಆ ಒದರಾಟ ಕೇಳಿದ್ದೇನೆ. ಕಿವಿಗೆ ಬಟ್ಟೆ ತುರುಕಿಕೊಂಡು ಒಲೆಯ ಮುಂದೆ ಕೂತಿದ್ದೇನೆ. ಅವನು ತನ್ನ ಸಂಕಟವನ್ನು ಒಂದು ಹಿಡಿ ಸಜ್ಜೆಯಿಂದ ಕಳೆದುಕೊಂಡ. ಅದರ ಬೆಲೆ ತೆರುತ್ತಿರುವವರು ನಾಲ್ಕು ದಿನದ ದಾರಿಯಾಚೆಯ ಹನ್ನೆರಡು ಮನೆಯವರು.

ಅವನ ಮೇಲೆ ಸಿಟ್ಟಿದೆ, ಆದರೆ ಅವನು ಒಬ್ಬ, ಒಂದು ಹೋರಿಯನ್ನು ಕೆಡಿಸಿದ. ನೀವು ಕೋಟಿಗಟ್ಟಲೆ ಇದ್ದಿರಿ. ಪ್ರೀತಿಯಿಂದಲೋ ದುರಾಸೆಯಿಂದಲೋ, ನೆಲವನ್ನು ಓದಬಲ್ಲ ಜೀವಗಳನ್ನೆಲ್ಲ ನಿಮ್ಮ ಕೈ ಓದುವ ಹಾಗೆ ಮಾಡಿದಿರಿ. ಆಮೇಲೆ ಕೈ ಹಿಂದಕ್ಕೆಳೆದುಕೊಂಡು ಸತ್ತುಹೋದಿರಿ. ನನ್ನ ತಮ್ಮ ಕೊನೆಪಕ್ಷ ತಾನು ಉಪವಾಸವಿದ್ದ. ನೀವು ಅದನ್ನೂ ಮಾಡಲಿಲ್ಲ.

ಈ ವರ್ಷ ಬೇಸಿಗೆ ದಾಟಿದ್ದು ಒಂದೇ ಹೋರಿ. ಕಪ್ಪು ಬೆನ್ನಿನದು, ಎಲುಬಿನ ಗೂಡು, ನೋಡಿದವರನ್ನು ಹಾಯಲು ಬರುತ್ತದೆ. ನಮ್ಮ ಹಿಂಡಿನ ಮುದಿ ಹೋರಿ ಈ ಬೇಸಿಗೆ ದಾಟದ್ದರಿಂದ ಇದನ್ನು ನಮ್ಮ ಹಿಂಡಿಗೆಂದು ಇಟ್ಟುಕೊಂಡಿದ್ದೆ. ನಿನ್ನೆ ಅದನ್ನು ಮೌಲಾಬಿಗೆ ಕೊಟ್ಟೆ. ಅದರ ಬೆನ್ನಿಗೆ ನಿಂತು ಹೇಳಬೇಕಾದ ಮಾತು ಬಾಯಿಗೆ ಬರಲಿಲ್ಲ. ಅವಳೇ "ಇರಲಿ ಬಿಡು, ನೋಡಿದ್ರ ಗೊತ್ತಾಗತೈತಿ," ಎಂದಳು. ನಾಲ್ಕು ಜನ ನಾಲ್ಕು ಹಗ್ಗ ಹಿಡಿದು, ಇಬ್ಬರು ಬಿದ್ದು ಮೊಣಕಾಲು ಒಡೆದುಕೊಂಡು, ಅದನ್ನು ದಾರಿಗೆ ಹತ್ತಿಸಿದರು. ಮಳೆ ಬಂದಾಗ ನಮ್ಮ ಆಕಳುಗಳು ಬೆದೆಗೆ ಬರುತ್ತವೆ, ಹೋರಿ ಇರುವುದಿಲ್ಲ. ಮುಂದಿನ ವರ್ಷ ಈ ಮಡ್ಡಿಯಲ್ಲಿ ಕರುವಿಲ್ಲ.

ಆದ್ದರಿಂದ ನಿಮ್ಮನ್ನು ಒಂದು ಕೇಳುತ್ತೇನೆ. ಕೇಳುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ನಿಮ್ಮ ಊರಿನ ಹೊರಗೆ, ನೀವು ಪಾಳು ಎಂದು ಕರೆಯುವ ಯಾವುದೋ ದಿಬ್ಬದ ಮೇಲೆ, ಈಗಲೂ ಒಂದು ಬಡಕಲು ಹೋರಿ ಇದೆ. ನಿಮ್ಮನ್ನು ಹತ್ತಿರಕ್ಕೆ ಬಿಡುವುದಿಲ್ಲ. ಅದನ್ನು ಸುಧಾರಿಸಲು ಹೋಗಬೇಡಿ. ಅದಕ್ಕೆ ಚೀಲ ಬಿಚ್ಚಬೇಡಿ. ಅದರ ದಿಬ್ಬವನ್ನು ಅದಕ್ಕೆ ಬಿಟ್ಟು, ನಿಮ್ಮ ಕೈಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ನಾವು ಹುಟ್ಟುವುದು ಅದರಿಂದ.

ಇಂದು ಬೆಳಿಗ್ಗೆ ಗುದ್ನೆಪ್ಪ ಪುಟ್ಯಾನನ್ನು ಮಾಂಸದ ಕಟ್ಟೆಗೆ ಕರೆದುಕೊಂಡು ಹೋದ. ನಾನು ಬಾಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಅವನು ತೆಗೆದುಕೊಳ್ಳಲಿಲ್ಲ. ಜೋಳಿಗೆಯಿಂದ ಒಂದು ಹಿಡಿ ಸಜ್ಜೆ ತೆಗೆದು, ಕೈ ಮುಂದೆ ಚಾಚಿಕೊಂಡು, ಅಳುತ್ತ ನಡೆದ. ಹೋರಿ ಅವನ ಕೈ ನೋಡುತ್ತ, ಬಾಲ ಆಡಿಸುತ್ತ, ಹಿಂದೆಯೇ ಹೋಯಿತು.

ಫಕೀರವ್ವ