ಸೆರಗಿಲ್ಲದ ಸೀರಿ

ಇಳಕಲ್ಲ, ಸೋಮವಾರ

ಡಾಕ್ಟರ್ ಶಿವಪ್ರಕಾಶ ಸಾಹೇಬ್ರಿಗೆ,

ನೇಕಾರ ಇಂದ್ರಾಬಾಯಿ ಮಾಡೋ ಶರಣು.

ಕೈ ಆಡಿಸೋಕಿಂತ ಮೊದಲ ಮೆದುಳಿನಾಗ ಏಳೋ ಕರೆಂಟ್ ನೋಡ್ತೇನಿ ಅಂತ ನನ್ನ ತಲಿಗೆ ವಾಯರ್ ಅಂಟಿಸಿ, "ಮನಸ್ಸು ಬಂದಾಗ ಬಟನ್ ಒತ್ತವ್ವಾ" ಅಂದ್ರಿ. ಮೂವತ್ತು ವರ್ಷ ಲಾಳಿ ಓಡಿಸಿದ ಕೈ, ಮಗ್ಗದ ತಾಳಕ್ಕನ ಒತ್ತಿತು. ಅಷ್ಟಕ್ಕ "ನೇಕಾರರ ಕೈ ಯಂತ್ರ ಇದ್ದಂಗ, ವಿಚಾರ ಮಾಡೂದಿಲ್ಲ" ಅಂತ ರಿಪೋರ್ಟ್ ಬರದೀರಂತ. ಮಗಳು ಸುಮಾ ಓದಿ ಹೇಳಿದ್ಲು. ಭಾಳ ಶಾಣ್ಯಾರದೀರಿ.

ಸೆರಗಿನ ಎಳಿಗಳನ್ನ ಸೀರಿ ಮೈಯ ಎಳಿಗೆ ಒಂದೊಂದ ಕೊಂಡಿ ಹಾಕಿ ಕೂಡಿಸುವಾಗ ನೋಡ್ರಿ ಅಂತ ಅವತ್ತ ಹೇಳಿದ್ದೆ. ತಲಿ ಅಳ್ಳಾಡಿದ್ರ ಮಷೀನಿನ್ಯಾಗ ಮೂಡೋ ಗೆರಿ ಕೆಡ್ತಾವು ಅಂತ ವಾಯರ್ ಕಿತ್ಕೊಂಡು ಚಾ ಕುಡ್ಯಾಕ ಹೋದ್ರಿ. ನಾ ವಿಚಾರ ಮಾಡೋ ಹೊತ್ತಿಗೆ ನಿಮ್ಮ ಮಷೀನ್ ಬಂದ್ ಆಗಿತ್ತು.

ನೀವು ಹಚ್ಚಿದ ಅಂಟು ಇನ್ನೂ ಕೂದಲದಾಗೈತಿ. ಏನ್ ಹಚ್ಚಿ ತೊಳಕೋಬೇಕು, ತಿಳಸ್ರಿ.

ನಿಮ್ಮ ಮನಿಯವ್ರು ನನಗ ನೇಯಾಕ ಹೇಳಿದ್ದ ಸೀರಿ ಮೈ ನೇದು ಮುಗಿದೈತಿ. ಮುಂಜಾನೆ ಸೆರಗು ಕೂಡಸಾಕ ಕುಂತಿದ್ದೆ, ಎದ್ದುಬಿಟ್ಟೆ. ಏಳು ಅಂತ ಯಾರೂ ಹೇಳಿರಲಿಲ್ಲ. ಸೀರಿ ಹಂಗ ಕಳಿಸೇನಿ, ಸೆರಗು ಯಂತ್ರದ ಕಡಿಂದ ಹಚ್ಚಿಸ್ಕೊಳ್ರಿ.

ಮನಸ್ಸು ಬಂದಾಗ ಅಂದಿದ್ರಿ. ಇವತ್ತ ಬಂತು, ಬರಕೊಳ್ರಿ.

ಇಂದ್ರಾಬಾಯಿ