ಇಬ್ಬರಲ್ಲಿ ಇನ್ನೊಬ್ಬ

12 ಮಾರ್ಚ್ 1974
ಇವತ್ತು ವಾಕಿಂಗ್ ಇಲ್ಲ. ಬೆಳಿಗ್ಗೆಯೇ ಅನಸೂಯಮ್ಮನ ಜೊತೆ ಕೋಲಾರಕ್ಕೆ, ವಕೀಲ ಶ್ರೀನಿವಾಸಪ್ಪನವರ ಆಫೀಸಿಗೆ. ಮೂವತ್ತು ವರ್ಷ ಶ್ರೀನಿವಾಸಪುರದಲ್ಲಿ ಹೆರಿಗೆ ಮಾಡಿಸಿದ ನರ್ಸಮ್ಮ. ಬಸ್ಸಿನಲ್ಲಿ ನಾಲ್ಕು ಜನ ಎದ್ದು ಜಾಗ ಕೊಟ್ಟರು. ರಿಟೈರ್ಡ್ ಹೆಡ್‌ಮಾಸ್ಟರಾದ ನನಗೆ ಒಬ್ಬನೂ ಏಳಲಿಲ್ಲ.

ವಿಷಯ ಛತ್ರದ್ದು. ಹಳ್ಳಿಗಳಿಂದ ಬರುವ ಬಸುರಿಯರು ಉಳಿಯಲೆಂದು ಯಾರೋ ಪುಣ್ಯಾತ್ಮರು ಬಿಟ್ಟುಹೋದ ಕಟ್ಟಡ. ಟ್ರಸ್ಟಿ ಕೋದಂಡರಾಮಪ್ಪ ಅದನ್ನು ತನ್ನ ಮಾವಿನ ಮಂಡಿ ಮಾಡಿಕೊಂಡಿದ್ದಾನೆ.

"ನೀವು ನೇರವಾಗಿ ಕೇಸು ಹಾಕೋಕಾಗಲ್ಲ ಮೇಷ್ಟ್ರೇ" ಅಂದರು ವಕೀಲರು. "ಇಂಥ ಆಸ್ತಿ ಪರವಾಗಿ ಕೋರ್ಟಲ್ಲಿ ಕೇಳಬೇಕಾದೋರು ಅಡ್ವೊಕೇಟ್ ಜನರಲ್. ಇಲ್ಲಾ, ಅವರ ಲಿಖಿತ ಒಪ್ಪಿಗೆ ತಗೊಂಡು ಊರಿನ ಇಬ್ಬರು ಕೇಳಬಹುದು. ಒಬ್ಬರಾದ್ರೆ ನಡೆಯಲ್ಲ."

"ಅವರು ಸರ್ಕಾರದ ವಕೀಲರಲ್ಲವೇ?" ಅಂದೆ.

"ಹೌದು. ಕೇಳೋರಿಲ್ಲದೋರ ವಕೀಲರೂ ಹೌದು."

ಮನಸ್ಸು ತುಂಬಿ ಬಂತು. ಒಪ್ಪಿಗೆ ಕೇಳುವ ಅರ್ಜಿಗೆ ಇಬ್ಬರೂ ಸಹಿ ಹಾಕಿದೆವು. ವಿಳಾಸ ನನ್ನದೇ — ಮೇಷ್ಟ್ರ ಮನೆಯಲ್ಲಿದ್ದರೆ ಕಾಗದ ಭದ್ರ ಎಂದು ಅನಸೂಯಮ್ಮನ ಹಠ.

3 ಮೇ
ಉತ್ತರವಿಲ್ಲ. ಅನಸೂಯಮ್ಮ ದಿನಾ ಗೇಟಿನಾಚೆಯಿಂದಲೇ, "ಇಂಕಾ ರಾಲೇದಾ ಮೇಷ್ಟ್ರೇ?" ಇನ್ನೂ ಬಂದಿಲ್ಲ ತಾಯಿ, ಅನ್ನುತ್ತೇನೆ.

ಛತ್ರದ ಕೋಣೆಗಳ ತುಂಬ ಹುಲ್ಲು, ಮಾವಿನಕಾಯಿ. ಜಗಲಿಯ ಬಿಸಿಲಲ್ಲಿ ತುಂಬು ಬಸುರಿಯೊಬ್ಬಳು ಸೆರಗು ಮುಖದ ಮೇಲೆ ಹೊದ್ದು ಮಲಗಿದ್ದಳು. ನೋಡಲಾಗಲಿಲ್ಲ.

16 ಮೇ
ಕೋದಂಡರಾಮಪ್ಪ ಮನೆಗೇ ಬಂದ. ಜಗಳವಿಲ್ಲ. ಒಂದು ಬುಟ್ಟಿ ರಸಪುರಿ. ಸ್ಕೂಲ್ ಕಮಿಟಿ ಪ್ರೆಸಿಡೆಂಟೂ ಅವನೇ. ನನ್ನ ಮಗಳು ಶ್ಯಾಮಲ ಅಲ್ಲಿ ನಾಲ್ಕು ವರ್ಷದಿಂದ ಟೆಂಪರರಿ ಟೀಚರ್.

"ಜೂನ್ ಒಂದಕ್ಕೆ ಹುಡುಗೀನ ಪರ್ಮನೆಂಟ್ ಮಾಡ್ತಾ ಇದೀನಿ. ನಿಮ್ಮ ಆಶೀರ್ವಾದ ಇರ್ಲಿ ಮೇಷ್ಟ್ರೇ."

ಯಾವ ಆಶೀರ್ವಾದ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಹೋದ ಮೇಲೆ ಹಣ್ಣು ತಿಂದೆ. ಸಿಹಿಯಾಗಿಯೇ ಇತ್ತು. ಥೂ.

21 ಮೇ, ಮಧ್ಯಾಹ್ನ
ಬಂತು. ರಿಜಿಸ್ಟರ್ಡ್. ಅಡ್ವೊಕೇಟ್ ಜನರಲ್ ಒಪ್ಪಿಗೆ ಕೊಟ್ಟಿದ್ದಾರೆ — ಅನಸೂಯಮ್ಮ ಮತ್ತು ಚನ್ನರಾಯಪ್ಪ, ಇಬ್ಬರಿಗೂ ಸೇರಿಸಿ. ಟೈಪಾದ ನನ್ನ ಹೆಸರನ್ನು ಎರಡು ಸಲ ಓದಿದೆ. ಈ ಊರನ್ನೇ ಕಾಣದ ಅಷ್ಟು ದೊಡ್ಡ ಮನುಷ್ಯ ಸಹಿ ಹಾಕಿದ್ದಾನೆ. ನಾನು ಅದನ್ನು ಟ್ರಂಕಿನ ತಳಕ್ಕೆ ಇಟ್ಟೆ.

ಸಂಜೆ, "ರಾಲೇದಾ?" ಇಲ್ಲ ತಾಯಿ.

24 ಮೇ
ಇಲ್ಲ ತಾಯಿ.

28 ಮೇ
ಅನಸೂಯಮ್ಮ ಇವತ್ತು ಗೇಟಿನಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ಕೂತು, ನೀರು ಕುಡಿದರು.

"ವಕೀಲರಿಗೂ ಒಂದು ಕಾಪಿ ಬಂದೈತೆ. ಹೋದ ಬುಧವಾರಾನೇ ಗೊತ್ತಾಯ್ತು. ಆಮೇಲೂ ದಿನಾ ಕೇಳ್ತಿದ್ದೆ... ನೀವೇ ಹೇಳ್ತೀರಾ ಅಂತ."

ನಾಚಿಕೆಯಿಂದ ಸತ್ತುಹೋದೆ. ಅಡುಗೆಮನೆಯಲ್ಲಿ ಶ್ಯಾಮಲಳ ಪಾತ್ರೆ ಸದ್ದು ನಿಂತಿತು.

"ನಿಮ್ಮ ಮಗಳನ್ನ ತಾಯಿ ಹೊಟ್ಟೆಯಿಂದ ಹೊರಗೆ ತೆಗೆದಿದ್ದು ಈ ಕೈನೇ ಮೇಷ್ಟ್ರೇ. ಅವಳ ಕೆಲಸ ಹೋಗ್ಲಿ ಅಂತ ನಂಗೇನು ಆಸೆಯಾ? ಆದ್ರೆ ನಾನೊಬ್ಬಳೇ ಹೋದ್ರೆ ಆ ಕಾಗದ ಯಾತಕ್ಕೂ ಬರಲ್ಲ. ಕೋಲಾರಕ್ಕೆ ನಾಳೆ ಬೆಳಿಗ್ಗೆ ಆರೂವರೆ ಬಸ್ಸು. ಕಾಯ್ತೀನಿ."

29 ಮೇ, ಬೆಳಿಗ್ಗೆ 6.10
ಶರಟು ಹಾಕಿಕೊಂಡಾಗಿದೆ. ಕಾಗದ ಜೇಬಿನಲ್ಲಿದೆ. ಶ್ಯಾಮಲ ಬಾಗಿಲಿಗೆ ಒರಗಿ ನಿಂತಿದ್ದಾಳೆ. ಹೋಗಬೇಡಿ ಅನ್ನಲಿಲ್ಲ. ಹೋಗಿ ಅಂತಲೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿಗೆ ಐದೇ ನಿಮಿಷ.

6.30
ಹಾರ್ನ್ ಆಯಿತು.
ಮತ್ತೆ ಆಯಿತು. ಅನಸೂಯಮ್ಮ ಡ್ರೈವರನನ್ನು ತಡೆದು ನಿಲ್ಲಿಸಿರಬೇಕು. ನಾನು ಬರೆಯುತ್ತ ಕೂತಿದ್ದೇನೆ. ಏಳಬೇಕು. ಇದೊಂದು ಸಾಲು ಮುಗಿಸಿ —